ಪ್ರದೇಶಾಧ್ಯಯನದ ಎಂ.ಎ. ಪದವಿಯೂ ಮಂಡ್ಯದ ಸೀಮೆಯೂ

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಕಾಲೇಜುಗಳಿಂದ ವರ್ಷವರ್ಷವೂ ಬಿ.ಎ. ಪದವಿಯನ್ನು ಪಡೆದು ಹೊರಬರುತ್ತಿರುವ ತರುಣ ತರುಣಿಯರಲ್ಲಿ ಯಾರಾದರೊಬ್ಬರು, ತಾವು ಹುಟ್ಟಿ ಬೆಳೆದ ಈ ಕಾವೇರೀ ಸೀಮೆಯನ್ನೇ ಎಂ.ಎ. ಪದವಿಗೆ ವಿಷಯವನ್ನಾಗಿ ತೆಗೆದುಕೊಳ್ಳಬೇಕೆಂದು ಅಪೇಕ್ಷಿಸಿದರೆಂದು ಇಟ್ಟುಕೊಳ್ಳೋಣ. ಬರಿಯ ಚರಿತ್ರೆ ಅವರಿಗೆ ಸಾಲದು. ಬರಿಯ ಅರ್ಥಶಾಸ್ತ್ರವೂ ಸಾಲದು. ನಾಲೆಯ ನೀರು, ಗದ್ದೆಯ ಮಣ್ಣು, ಊರಿನ ಒಕ್ಕಲುತನ, ಹೆಣ್ಣುಮಕ್ಕಳ ಬಾಳು, ನ್ಯಾಯಮಂಡಲಿಯ ತೀರ್ಪು, ಇವೆಲ್ಲವನ್ನೂ ಒಂದೆಡೆ ಇಟ್ಟು ನೋಡುವ ವ್ಯಾಸಂಗ ಅವರಿಗೆ ಬೇಕಾಗಿದೆ. ಅಂಥವರು ಹೋಗತಕ್ಕ ಸ್ಥಳ ಯಾವುದು? ಆ ಬಗೆಯ ವ್ಯಾಸಂಗ ಲಂಡನ್ನಿನಲ್ಲಿದೆ, ಆಕ್ಸ್‌ಫರ್ಡಿನಲ್ಲಿದೆ, ಜರ್ಮನಿಯ ಹೈಡೆಲ್‌ಬರ್ಗಿನಲ್ಲಿದೆ, ಅಮೆರಿಕದ ಚಿಕಾಗೋ ನಗರದಲ್ಲಿದೆ. ಮಂಡ್ಯದಲ್ಲಿಲ್ಲ. ಇದಕ್ಕೆ ನಗಬೇಕೋ ಅಳಬೇಕೋ ವಾಚಕ ಮಹಾಶಯರೇ ನಿರ್ಣಯಿಸಲಿ.

ಈ ವ್ಯಾಸಂಗಕ್ಕೆ ಇಂಗ್ಲಿಷರು ಏರಿಯಾ ಸ್ಟಡೀಸ್ ಎಂದು ಹೆಸರಿಟ್ಟಿದ್ದಾರೆ. ನಾವು ಪ್ರದೇಶಾಧ್ಯಯನ ಎನ್ನೋಣ. ಸಾಮಾನ್ಯವಾದ ಎಂ.ಎ. ತರಗತಿಯಲ್ಲಿ ಶಾಸ್ತ್ರ ಮೊದಲು, ನಾಡು ಆಮೇಲೆ. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಮಂಡ್ಯದ ಕಬ್ಬು ಒಂದು ಉದಾಹರಣೆ ಮಾತ್ರ. ನಾಳೆ ಅದರ ಬದಲು ಕ್ಯೂಬಾ ದೇಶದ ಕಬ್ಬನ್ನು ಇಟ್ಟರೂ ಅವನ ಸೂತ್ರ ಕೆಡುವುದಿಲ್ಲ. ಪ್ರದೇಶಾಧ್ಯಯನದಲ್ಲಿ ನಾಡು ಮೊದಲು. ಅದನ್ನು ತಿಳಿಯುವುದಕ್ಕೆ ಯಾವ ಯಾವ ಶಾಸ್ತ್ರದ ನೆರವು ಬೇಕೋ ಅವನ್ನೆಲ್ಲ ಬಾಗಿಲಿಗೆ ಕರೆಯಿಸಿಕೊಳ್ಳುವುದು ಅದರ ಪದ್ಧತಿ. ವಿದ್ಯಾರ್ಥಿಯು ಆ ನಾಡಿನ ಭಾಷೆಯನ್ನು ಕಲಿಯಬೇಕು. ಎರಡು ಮೂರು ಶಾಸ್ತ್ರಗಳ ವಿಧಾನಗಳಲ್ಲಿ ಪಳಗಬೇಕು. ಅಲ್ಲಿಗೆ ಹೋಗಿ ಜನರ ನಡುವೆ ಕೆಲಕಾಲ ಇದ್ದು ಬರಬೇಕು. ಕಡೆಗೆ ತಾನು ಕಂಡದ್ದನ್ನು ಪ್ರಬಂಧವಾಗಿ ಬರೆದು ಪರೀಕ್ಷಕರ ಮುಂದೆ ಇಡಬೇಕು. ಇವುಗಳಲ್ಲಿ ಭಾಷೆಗೆ ಅಗ್ರಸ್ಥಾನ. ಭಾಷೆಯಿಲ್ಲದ ಪ್ರದೇಶಾಧ್ಯಯನವು ದುಭಾಷಿಯ ಬಾಯಲ್ಲಿ ಊಟಮಾಡಿದಂತೆ.

ಇಂಥ ಪದವಿಯನ್ನು ಪಡೆದವನಿಗೆ ಎಲ್ಲದರಲ್ಲಿಯೂ ಅರ್ಧಂಬರ್ಧ ತಿಳಿವು, ಯಾವುದರಲ್ಲಿಯೂ ಪೂರ್ಣ ಪಾಂಡಿತ್ಯವಿಲ್ಲ ಎಂದು ವಿದ್ವಾಂಸರು ಆಕ್ಷೇಪಿಸುವುದುಂಟು. ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಮೈಗಳ್ಳನಿಗೆ ಇದು ಸುಲಭವಾದ ದಾರಿಯಾದೀತು. ಆದರೆ ಅಂಧಗಜನ್ಯಾಯವನ್ನು ನಮ್ಮ ಪಾಠಶಾಲೆಗಳಲ್ಲಿ ಓದಿದವರು ಇನ್ನೊಂದು ಪಕ್ಕವನ್ನೂ ಬಲ್ಲರು. ಆನೆಯ ಕಾಲನ್ನು ಮೂವತ್ತು ವರ್ಷ ತಡವಿದವನಿಗೆ ಕಾಲಿನ ಪಾಂಡಿತ್ಯ ಬರುವುದು ನಿಜ. ಆನೆಯು ಹೊಳೆಯ ಕಡೆಗೆ ಹೊರಟಿದೆಯೋ ತೋಟಕ್ಕೆ ನುಗ್ಗುತ್ತಿದೆಯೋ ಅವನು ಹೇಳಲಾರ.

ಇನ್ನು, ಈ ವಿದ್ಯೆಯ ಹುಟ್ಟನ್ನು ತಿಳಿಯದೆ ಅದನ್ನು ಹೊಗಳುವುದು ರಾಷ್ಟ್ರೀಯ ಭಾವನೆಯುಳ್ಳವರಿಗೆ ತರವಲ್ಲ. 1916ನೆಯ ಇಸವಿಯ ಜುಲೈ ತಿಂಗಳಿನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರವರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮೈಸೂರು ವಿಶ್ವವಿದ್ಯಾನಿಲಯವು ಹುಟ್ಟಿತು. ಅದೇ 1916ರಲ್ಲಿ ಲಂಡನ್ನಿನಲ್ಲಿ ಪೌರಸ್ತ್ಯ ವಿದ್ಯೆಗಳ ಶಾಲೆಯೊಂದು ಸನ್ನದನ್ನು ಪಡೆಯಿತು. 1938ರಲ್ಲಿ ಆಫ್ರಿಕದ ಹೆಸರೂ ಅದಕ್ಕೆ ಸೇರಿತು. ನಮ್ಮ ವಿಶ್ವವಿದ್ಯಾನಿಲಯ ಹುಟ್ಟಿದ್ದು ಸಂಸ್ಥಾನದ ಮಕ್ಕಳು ಲೋಕದ ವಿದ್ಯೆಯನ್ನು ಕಲಿಯಲೆಂದು. ಆ ಶಾಲೆ ಹುಟ್ಟಿದ್ದು, ಸಾಮ್ರಾಜ್ಯದ ಅಧಿಕಾರಿಗಳು ತಾವು ಆಳುವ ಜನರ ನುಡಿಯನ್ನೂ ನಡೆಯನ್ನೂ ಕಲಿತು ಹಡಗು ಹತ್ತಲೆಂದು. ಎರಡನೆಯ ಮಹಾಯುದ್ಧವಾದ ಮೇಲೆ ಅಮೆರಿಕದವರಿಗೆ ಅದೇ ಗರಜು ಬಿದ್ದಿತು. 1948ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ಡಬ್ಲ್ಯು. ನಾರ್ಮನ್ ಬ್ರೌನ್ ಎಂಬ ಸಂಸ್ಕೃತ ಪಂಡಿತರು ದಕ್ಷಿಣ ಏಷ್ಯದ ಪ್ರದೇಶಾಧ್ಯಯನ ವಿಭಾಗವನ್ನು ತೆರೆದರು. 1958ರಲ್ಲಿ ಅಲ್ಲಿನ ಸರ್ಕಾರವು ರಾಷ್ಟ್ರರಕ್ಷಣಾ ಶಿಕ್ಷಣ ಶಾಸನವೆಂಬುದನ್ನು ಮಾಡಿ ಪರದೇಶಗಳ ಭಾಷೆಗಳ ಕಲಿಕೆಗೆ ಹಣವನ್ನು ಹರಿಯಬಿಟ್ಟಿತು. ಶಾಸನದ ಹೆಸರಿನಲ್ಲಿಯೇ ರಕ್ಷಣೆ ಇದೆಯೆಂಬುದನ್ನು ವಾಚಕರು ಗಮನಿಸಬೇಕು.

ಇದರಲ್ಲಿ ನಮ್ಮ ರಾಗಿ ಮುದ್ದೆಗೂ ಒಂದು ಸಂಬಂಧವಿದೆ. 1954ರ ಪಿ.ಎಲ್. 480 ಎಂಬ ಶಾಸನದ ಪ್ರಕಾರ ನಮ್ಮ ದೇಶಕ್ಕೆ ಬಂದ ಅಮೆರಿಕದ ಗೋದಿಯ ಬೆಲೆಯನ್ನು ನಾವು ರೂಪಾಯಿಯಲ್ಲಿಯೇ ಸಲ್ಲಿಸಿದೆವು. ಆ ರೂಪಾಯಿಯಲ್ಲಿ ಒಂದು ಭಾಗದಿಂದ, 1962ರಿಂದ ಮೊದಲ್ಗೊಂಡು, ಭಾರತದ ಭಾಷೆಗಳಲ್ಲಿ ಅಚ್ಚಾದ ಪುಸ್ತಕಗಳನ್ನು ಕೊಂಡು ಅಮೆರಿಕದ ವಿಶ್ವವಿದ್ಯಾನಿಲಯಗಳ ಪುಸ್ತಕ ಭಂಡಾರಗಳಿಗೆ ಕಳುಹಿಸಿದರು. ಕನ್ನಡದ ಪುಸ್ತಕಗಳೂ ಹೋದುವು. ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ನರು ಆ ಕಾಲದಲ್ಲಿಯೇ ಚಿಕಾಗೋ ವಿಶ್ವವಿದ್ಯಾನಿಲಯವನ್ನು ಸೇರಿ, ಕನ್ನಡ ತಮಿಳುಗಳ ಸೊಗಸನ್ನು ಅಲ್ಲಿನವರಿಗೆ ತೋರಿಸಿಕೊಟ್ಟರು. ಹೀಗೆ ನಾವು ತಿಂದ ಗೋದಿಯ ಹಣದಿಂದ ನಮ್ಮ ಪುಸ್ತಕಗಳು ಅವರ ಕಪಾಟನ್ನು ಸೇರಿದುವು. ಅವರನ್ನು ದೂರುವುದು ನಮ್ಮ ಉದ್ದೇಶವಲ್ಲ. ಕೊಂಡವರು ಜೋಪಾನವಾಗಿಯೇ ಇಟ್ಟುಕೊಂಡಿದ್ದಾರೆ. ನಮ್ಮ ತಾಲ್ಲೂಕಿನ ಪುಸ್ತಕ ಭಂಡಾರಗಳ ಕಪಾಟುಗಳನ್ನು ತೆರೆದು ನೋಡಿದವರು ಇದಕ್ಕಿಂತ ಹೆಚ್ಚು ಹೇಳಲು ಇಷ್ಟಪಡಲಾರರು.

ಮಂಡ್ಯದ ಸೀಮೆಯೇನೋ ಈ ಬಗೆಯ ವಿದ್ಯೆಗೆ ಹಳೆಯ ಪರಿಚಯವುಳ್ಳದ್ದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಮರುವರ್ಷವೇ ಗವರ್ನರ್ ಜನರಲ್ ವೆಲ್ಲೆಸ್ಲಿಯು ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಎಂಬಾತನನ್ನು ಗೆದ್ದ ನಾಡಿನ ತನಿಖೆಗೆ ಅಟ್ಟಿದನು. ಆತ ವೈದ್ಯ, ಸಸ್ಯಶಾಸ್ತ್ರಜ್ಞ. ಮದ್ದೂರು ಮಂಡ್ಯಗಳ ಮೇಲೆ ಹಾದುಹೋಗುತ್ತ ಮಣ್ಣಿನ ಬಣ್ಣ, ಕೆರೆಯ ನೀರು, ಬಿತ್ತನೆಯ ಕಾಲ, ಸೇರು ಕೊಳಗದ ಅಳತೆ, ಮಗ್ಗ, ಗಾಣ, ಜಾತಿಗಳ ಕಟ್ಟಳೆ, ಎಲ್ಲವನ್ನೂ ಒಂದೇ ದಿನಚರಿಯಲ್ಲಿ ಬರೆದುಕೊಂಡನು. 1807ರಲ್ಲಿ ಅದು ಮೂರು ಸಂಪುಟಗಳಾಗಿ ಲಂಡನ್ನಿನಲ್ಲಿ ಅಚ್ಚಾಯಿತು. ಬಹುಶಾಸ್ತ್ರೀಯವೆಂದು ಇಂದು ಯಾವುದನ್ನು ಹೊಸ ಹೆಸರಿನಿಂದ ಕರೆಯುತ್ತಾರೋ ಅದನ್ನು ಕಂಪನಿಯ ಸರ್ಕಾರವು ಕಂದಾಯ ಎತ್ತುವುದಕ್ಕಾಗಿ ಆಗಲೇ ಮಾಡಿಸಿತ್ತು.

ನೂರೈವತ್ತು ವರ್ಷಗಳ ತರುವಾಯ ಬಂದವರು ಬೇರೆ ಬಗೆಯವರು. ಟಿ. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬಾಕೆ ವಿಯೆನ್ನಾ ನಗರದಲ್ಲಿ 1922ರಲ್ಲಿ ಹುಟ್ಟಿದ ಯಹೂದಿ ಹೆಣ್ಣುಮಗಳು. ಹಿಟ್ಲರನ ಹಾವಳಿಗೆ ಊರು ಬಿಟ್ಟು ಇಂಗ್ಲೆಂಡನ್ನು ಸೇರಿದವರು. ಮ್ಯಾಂಚೆಸ್ಟರಿನಲ್ಲಿ ಓದಿ, ಅರ್ಥಶಾಸ್ತ್ರವನ್ನೂ ಮಾನವಶಾಸ್ತ್ರವನ್ನೂ ಒಂದುಗೂಡಿಸಿಕೊಂಡು, 1954ರಲ್ಲಿ ಮಂಡ್ಯಕ್ಕೆ ಬಂದರು. ಎರಡು ಹಳ್ಳಿಗಳನ್ನು ಆರಿಸಿಕೊಂಡು 1956ರ ವರೆಗೆ ಇದ್ದರು. ಹಳ್ಳಿಯವರ ಮರ್ಯಾದೆಗಾಗಿ ಅವುಗಳ ನಿಜನಾಮವನ್ನು ಮರೆಸಿ ವಾಂಗಲ, ದಲೇನ ಎಂದು ಕಲ್ಪಿತ ನಾಮಗಳನ್ನಿಟ್ಟರು. ವಾಂಗಲಕ್ಕೆ ನಾಲೆಯ ನೀರು ಬಂದಿತ್ತು. ದಲೇನದ ಭೂಮಿ ನಾಲೆಗಿಂತ ಎತ್ತರದಲ್ಲಿದ್ದುದರಿಂದ ಅದಕ್ಕೆ ನೀರು ಹತ್ತಲಿಲ್ಲ.

ನೀರು ಬಂದ ಊರು ಹೆಚ್ಚು ಬದಲಾಗುವುದೆಂದು ಯಾರಾದರೂ ಊಹಿಸುವರು. ಆಕೆ ಕಂಡದ್ದು ಇದಕ್ಕೆ ವಿರುದ್ಧ. ವಾಂಗಲದವರು ಕಬ್ಬು ಬೆಳೆದು, ಸಕ್ಕರೆ ಕಾರ್ಖಾನೆಗೆ ಮಾರಿ, ಹಣವಂತರಾದರು. ಆದರೆ ಬೇಸಾಯಗಾರರಾಗಿಯೇ ಉಳಿದುದರಿಂದ ಒಡೆಯ ಆಳುಗಳ ಹಳೆಯ ಸಂಬಂಧ, ಊರಿನ ಕಟ್ಟುಕಟ್ಟಳೆಗಳು ಬಹುಮಟ್ಟಿಗೆ ಹಾಗೆಯೇ ನಿಂತುವು. ನೀರಿಲ್ಲದ ದಲೇನದವರು ಹೊಟ್ಟೆಪಾಡಿಗಾಗಿ ಹೊರಗೆ ಕೈಚಾಚಬೇಕಾಯಿತು. ಹಿಟ್ಟಿನ ಗಿರಣಿ ಹಾಕಿದರು, ವ್ಯಾಪಾರಕ್ಕಿಳಿದರು, ಕಾರ್ಖಾನೆಯ ಕೆಲಸಕ್ಕೆ ಹೋದರು, ನೀರಿರುವ ಬೇರೆ ಊರುಗಳಲ್ಲಿ ಗದ್ದೆ ಕೊಂಡರು. ಬದಲಾದದ್ದು ಆ ಊರಿನ ನಡಾವಳಿ. ಎಂಜಿನಿಯರನೊಬ್ಬನೇ ಹೋಗಿದ್ದರೆ ವಾಂಗಲದ ಅಚ್ಚುಕಟ್ಟನ್ನು ಅಳೆದು ಸಂತೋಷಪಟ್ಟು ಬರುತ್ತಿದ್ದನು. ಅರ್ಥಶಾಸ್ತ್ರಜ್ಞನೊಬ್ಬನೇ ಹೋಗಿದ್ದರೆ ಆದಾಯದ ಪಟ್ಟಿಯನ್ನು ತರುತ್ತಿದ್ದನು. ಎರಡು ಶಾಸ್ತ್ರಗಳು ಒಂದು ತಲೆಯಲ್ಲಿ ಕೂಡಿದ್ದರಿಂದ ಮಾತ್ರ ಈ ಸಂಗತಿ ಹೊರಬಿದ್ದಿತು. ಆಕೆಯ ಗ್ರಂಥ 1962ರಲ್ಲಿ ಪ್ರಕಟವಾಯಿತು. 1970ರಲ್ಲಿ ಮತ್ತೆ ಬಂದು ನೋಡಿ 1973ರಲ್ಲಿ ಇನ್ನೊಂದನ್ನು ಬರೆದರು. 1998ರ ಮೂರನೆಯ ಗ್ರಂಥದ ಮುಖಪುಟದಲ್ಲಿ ಎ.ಪಿ. ಸೂರ್ಯನಾರಾಯಣ, ಟಿ. ತಿಮ್ಮೇಗೌಡ ಎಂಬ ಇಬ್ಬರು ಕನ್ನಡಿಗರ ಹೆಸರುಗಳೂ ಆಕೆಯ ಹೆಸರಿನ ಜೊತೆಗಿವೆ. ಮೊದಲ ವಾಸ್ತವ್ಯದಿಂದ ಅಲ್ಲಿಗೆ ನಾಲ್ವತ್ತು ವರ್ಷಗಳು ಕಳೆದಿದ್ದುವು.

ಈ ಮೂರು ಗ್ರಂಥಗಳನ್ನು ಹೊರದೇಶದ ವಿದ್ಯಾರ್ಥಿಗಳು ಪಠ್ಯವಾಗಿ ಓದಿ ಪರೀಕ್ಷೆಗೆ ಕುಳಿತಿದ್ದಾರೆ. ಮಂಡ್ಯದ ಪೇಟೆಬೀದಿಯಲ್ಲಿ ಹತ್ತು ಮಂದಿ ಪದವೀಧರರನ್ನು ನಿಲ್ಲಿಸಿ ವಾಂಗಲವೆಂದರೇನೆಂದು ಕೇಳಿದರೆ ಎಷ್ಟು ಮಂದಿ ಹೇಳಿಯಾರು? ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ನಾವು ಇಷ್ಟು ಶ್ರದ್ಧೆಯಿಂದ ಪಾಲಿಸಬೇಕಾಗಿರಲಿಲ್ಲ. ಮೈಸೂರು ಸಂಸ್ಥಾನದ ರಾಜಕೀಯ ಚರಿತ್ರೆಯೇ ಬೇಕೆಂದರೂ ಜೇಮ್ಸ್ ಮ್ಯಾನರ್ ಎಂಬುವರು 1977ರಲ್ಲಿ ಬರೆದುದನ್ನೋ, ಸ್ವೀಡನ್ನಿನ ಬ್ಯೋರ್ನ್ ಹೆಟ್ನೆ ಎಂಬುವರು 1978ರಲ್ಲಿ ಬರೆದುದನ್ನೋ ಹುಡುಕಬೇಕು, ಎರಡೂ ಇಂಗ್ಲಿಷಿನಲ್ಲಿವೆ. ನಮ್ಮವರು ಸುಮ್ಮನಿದ್ದರೆಂದು ಇದರ ಅರ್ಥವಲ್ಲ. ಮೈಸೂರಿನ ಎಂ.ಎನ್. ಶ್ರೀನಿವಾಸರು 1948ರಲ್ಲಿ ರಾಮಪುರವೆಂದು ತಾವೇ ಹೆಸರಿಟ್ಟ ಹಳ್ಳಿಯಲ್ಲಿ ಬಿಡಾರ ಮಾಡಿ ಬರೆದುಕೊಂಡಿದ್ದ ಟಿಪ್ಪಣಿಗಳು 1970ರಲ್ಲಿ ಅಮೆರಿಕದಲ್ಲಿ ಬೆಂಕಿಗೆ ಸಿಕ್ಕಿ ಸುಟ್ಟುಹೋದುವು. ನೆನಪಿನಿಂದಲೇ ಅವರು ಗ್ರಂಥವನ್ನು ಬರೆದು 1976ರಲ್ಲಿ ಪ್ರಕಟಿಸಿದರು. ಬೆಂಕಿಯಲ್ಲಿ ಬೆಂದುದನ್ನು ಮನಸ್ಸಿನಿಂದ ಮತ್ತೆ ಕಟ್ಟಿದ ಅಂಥ ಸಾಮರ್ಥ್ಯ ಈ ನೆಲದ ಮಕ್ಕಳಲ್ಲಿದೆ. ಆದರೆ ಅವರೂ ಅದಕ್ಕೆ ಬೇಕಾದ ಶಿಕ್ಷಣಕ್ಕಾಗಿ ಆಕ್ಸ್‌ಫರ್ಡಿಗೆ ಹೋಗಬೇಕಾಗಿತ್ತು.

ಈ ಸೀಮೆಯಲ್ಲಿ ಅಧ್ಯಯನಕ್ಕೆ ಏನಿದೆ ಎಂದು ಕೇಳುವವರಿಗೆ ಮೂರು ಸ್ಥಳಗಳನ್ನು ಸೂಚಿಸುತ್ತೇವೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಪಕ್ಕದ ಹಳ್ಳಿಗಲ್ಲ, ತೊಂಬತ್ತು ಮೈಲಿಗೂ ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಬೇಸಗೆಯಲ್ಲಿ ಹೊಳೆ ಸೊರಗಿದರೆ ಗಣಿಯ ಯಂತ್ರಗಳು ನಿಲ್ಲುವುವು. ಆದ್ದರಿಂದ ಶಿವನಸಮುದ್ರಕ್ಕೆ ವರ್ಷವಿಡೀ ನೀರೊದಗಿಸುವುದು ಕನ್ನಂಬಾಡಿ ಕಟ್ಟೆಯ ಮೊದಲ ಉದ್ದೇಶಗಳಲ್ಲೊಂದಾಯಿತು. ಆ ಕಟ್ಟೆಯಿಂದ ನಾಲೆ, ನಾಲೆಯಿಂದ ಕಬ್ಬು, ಕಬ್ಬಿನಿಂದ 1933ರಲ್ಲಿ ಸಕ್ಕರೆ ಕಂಪನಿ, ಇಷ್ಟೆಲ್ಲದರಿಂದ 1939ರಲ್ಲಿ ಮಂಡ್ಯವೆಂಬ ಜಿಲ್ಲೆ. ಮಂಡ್ಯದ ಬೆಲ್ಲದ ಕಥೆಯನ್ನು ಹೇಳಹೊರಟವನು ಲಂಡನ್ನಿನ ಚಿನ್ನದ ಷೇರುಗಳ ಲೆಕ್ಕದಿಂದ ಪ್ರಾರಂಭಿಸಬೇಕಾಗುತ್ತದೆ. ಇದು ಯಾವ ಒಂದು ವಿಭಾಗದ ಪಠ್ಯ?

ಎರಡನೆಯದು ಮದ್ದೂರಿನ ಶಿವಪುರ. 1938ರ ಏಪ್ರಿಲಿನಲ್ಲಿ ಟಿ. ಸಿದ್ಧಲಿಂಗಯ್ಯನವರು ಪ್ರತಿಬಂಧಕಾಜ್ಞೆಯನ್ನು ಮೀರಿ ರಾಷ್ಟ್ರಧ್ವಜವನ್ನು ಏರಿಸಿ ದಸ್ತಗಿರಿಯಾದುದನ್ನು ಶಾಲೆಯ ಹುಡುಗರೂ ಬಲ್ಲರು. ಆ ಜನಸಮೂಹ ಅಲ್ಲಿಗೇಕೆ ನೆರೆಯಿತು? ಕೆಲವು ವರ್ಷಗಳ ಹಿಂದೆ ಇರ್ವಿನ್ ನಾಲೆಯ ಕರಭಾರದ ವಿಷಯದಲ್ಲಿ ರೈತರು ಎದ್ದಿದ್ದರು. ಜಗತ್ತಿನ ಆರ್ಥಿಕ ಮುಗ್ಗಟ್ಟಿನಿಂದ ಧಾನ್ಯದ ಧಾರಣೆ ಕುಸಿದಿತ್ತು. ಬ್ರಾಹ್ಮಣೇತರ ಮುಖಂಡರ ಪಕ್ಷವು 1937ರಲ್ಲಿ ಕಾಂಗ್ರೆಸ್ಸಿನೊಡನೆ ಬೆರೆತಿತ್ತು. ಧ್ವಜದ ಕಂಬವನ್ನು ಕಂಡವರಿಗೆ ಕಂಬದ ಬುಡದ ಈ ಮಣ್ಣೂ ಕಾಣಬೇಕು. ಮದ್ದೂರನ್ನು ಬಿಡುವ ಮುನ್ನ ಇನ್ನೊಂದು ಮಾತು: 2023ರ ಮಾರ್ಚಿಯಲ್ಲಿ ತೆರೆದ ಬೆಂಗಳೂರು ಮೈಸೂರು ಹೆದ್ದಾರಿ ಊರಿನ ಹೊರಗೆ ಹಾದುಹೋದುದರಿಂದ ಮದ್ದೂರಿನ ಹೋಟೆಲುಗಳ ವಡೆಯ ವ್ಯಾಪಾರಕ್ಕೆ ಪೆಟ್ಟು ಬಿತ್ತು. ಇದನ್ನು ತಮಾಷೆಯೆಂದು ಭಾವಿಸುವವರು ಅಲ್ಲಿ ಕೆಲಸ ಬಿಟ್ಟವರ ಲೆಕ್ಕವನ್ನು ತೆಗೆಯಲಿ.

ಮೂರನೆಯದನ್ನು ಬರೆಯುವುದಕ್ಕೆ ಲೇಖನಿ ಹಿಂಜರಿಯುತ್ತದೆ. 2023ರ ನವೆಂಬರಿನಲ್ಲಿ ಬೆಂಗಳೂರಿನ ಪೊಲೀಸರು ಹೆಣ್ಣು ಭ್ರೂಣಹತ್ಯೆಯ ಜಾಲವೊಂದನ್ನು ಬಯಲಿಗೆಳೆದಾಗ, ಗರ್ಭದಲ್ಲಿರುವುದು ಹೆಣ್ಣೋ ಗಂಡೋ ಎಂದು ಯಂತ್ರವಿಟ್ಟು ನೋಡುತ್ತಿದ್ದ ಸ್ಥಳಗಳಲ್ಲೊಂದು ಮಂಡ್ಯದ ಕಡೆಯ ಆಲೆಮನೆಯೆಂದು ಹೊರಬಿದ್ದಿತು. ಬೆಲ್ಲದ ಕೊಪ್ಪರಿಗೆಯ ಪಕ್ಕದಲ್ಲಿ! 1994ರ ಶಾಸನ ಇದ್ದೇ ಇದೆ. ವೈದ್ಯರು ಯಂತ್ರದ ದುರುಪಯೋಗವೆನ್ನುವರು. ವಕೀಲರು ಶಾಸನದ ಉಲ್ಲಂಘನೆಯೆನ್ನುವರು. ಪೊಲೀಸಿನವರು ಮೊಕದ್ದಮೆ ಹೂಡುವರು. ಎಲ್ಲವೂ ನಿಜ. ಆದರೆ ನೀರುಂಡು ಹಸಿರಾದ ಸೀಮೆಯಲ್ಲಿ ಹೆಣ್ಣುಕೂಸು ಭಾರವಾದುದು ಹೇಗೆ? ಗದ್ದೆ ಪಾಲಾಗುವ ಭಯವೇ? ವರದಕ್ಷಿಣೆಯ ಮಾರುಕಟ್ಟೆಯೇ? ಬೇಸಾಯಗಾರನಿಗೆ ಹೆಣ್ಣು ಕೊಡುವವರಿಲ್ಲವೆಂದು ಇದೇ ಸೀಮೆಯ ತರುಣರು ಗೋಳಿಡುತ್ತಿರುವುದಕ್ಕೂ ಇದಕ್ಕೂ ಇರುವ ನಂಟೇನು? ನಾವು ಉತ್ತರ ಬಲ್ಲೆವೆಂದು ನಟಿಸುವುದಿಲ್ಲ. ಒಂದೆರಡು ವರ್ಷ ಹಳ್ಳಿಯಲ್ಲಿದ್ದು, ಅಡಿಗೆಮನೆಯ ಬಾಗಿಲಿನ ವರೆಗೆ ಹೋಗಿ, ಹೆಂಗಸರ ಮಾತನ್ನು ಕೇಳಿ ಬರೆಯಬಲ್ಲ ವಿದ್ಯಾರ್ಥಿನಿಯರು ಬೇಕಾಗಿದ್ದಾರೆ. ಅಂಥವರನ್ನು ತಯಾರುಮಾಡುವ ತರಗತಿ ಎಲ್ಲಿದೆಯೆಂಬುದು ನಮ್ಮ ಪ್ರಶ್ನೆ.

ಇವೆಲ್ಲ ಪುಸ್ತಕದ ಮಾತೆಂದು ಅಧಿಕಾರಿ ಮಹಾಶಯರು ಎಣಿಸಿದರೆ ನೀರಿನ ಲೆಕ್ಕದಲ್ಲಿಯೇ ಮಾತನಾಡೋಣ. 1924ರ ಒಪ್ಪಂದ, 1990ರಲ್ಲಿ ರಚಿತವಾದ ನ್ಯಾಯಮಂಡಲಿ, 2007ರ ಅಂತಿಮ ತೀರ್ಪು, ಇವುಗಳ ಹಿಂದೆಯೇ 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯವು ಬಿಳಿಗುಂಡ್ಲುವಿನಲ್ಲಿ ಕರ್ಣಾಟಕವು ಬಿಡಬೇಕಾದ ನೀರನ್ನು 192 ಟಿ.ಎಂ.ಸಿ.ಯಿಂದ 177.25 ಟಿ.ಎಂ.ಸಿ.ಗೆ ಇಳಿಸಿತು. ಹಾಗೆ ಉಳಿದ 14.75ರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆಂದು ಬಂದುದು. ಮಿಕ್ಕ 10 ಟಿ.ಎಂ.ಸಿ. ಎಲ್ಲಿಂದ ಬಂದಿತು? ತಮಿಳುನಾಡಿನ ಮುಖಜ ಭೂಮಿಯ ಅಡಿಯಲ್ಲಿ 20 ಟಿ.ಎಂ.ಸಿ.ಯಷ್ಟು ಅಂತರ್ಜಲವಿದೆಯೆಂಬುದನ್ನು ನ್ಯಾಯಾಲಯವು ಗಮನಕ್ಕೆ ತೆಗೆದುಕೊಂಡು, ಅದರಲ್ಲಿ ಅರ್ಧವನ್ನು ಲೆಕ್ಕಕ್ಕೆ ಹಿಡಿದುದರಿಂದ. ಕೃಷ್ಣರಾಜಸಾಗರದಲ್ಲಿ ತುಂಬಾ ಹಿಡಿಯುವ ನೀರು 49 ಟಿ.ಎಂ.ಸಿ.ಯ ಚಿಲ್ಲರೆ, ಅದರ ಐದನೆಯ ಒಂದು ಪಾಲು ನಮಗೆ ದಕ್ಕಿದ್ದು ತಂಜಾವೂರಿನ ನೆಲದಡಿಯ ಸಂಗತಿ ಕಡತಕ್ಕೆ ಬಂದುದರಿಂದ. ಹೆದ್ದಾರಿಯಲ್ಲಿ ಟೈರು ಸುಟ್ಟುದರಿಂದಲ್ಲ.

ತಂಜಾವೂರಿನ ರೈತನು ಯಾವ ತಿಂಗಳಲ್ಲಿ ಕುರುವೈ ನಾಟಿ ಮಾಡುತ್ತಾನೆ, ಯಾವಾಗ ಸಾಂಬಾ, ಅವನ ಕೊಳವೆ ಬಾವಿಯಲ್ಲಿ ನೀರು ಎಷ್ಟು ಆಳದಲ್ಲಿದೆ, ಅವನ ಪತ್ರಿಕೆಗಳು ನಮ್ಮನ್ನು ಕುರಿತು ಏನು ಬರೆಯುತ್ತಿವೆ ಎಂಬುದನ್ನು ತಮಿಳಿನಲ್ಲಿಯೇ ಓದಿ ತಿಳಿಯಬಲ್ಲ ಮಂಡ್ಯದ ಪದವೀಧರರು ಎಷ್ಟು ಮಂದಿ? ಅದೇ ರೀತಿಯಾಗಿ ನಮ್ಮ ನಾಲೆಯ ಕೊನೆಯಂಚಿನ ಮಳವಳ್ಳಿಯ ರೈತನ ಗದ್ದೆಗೆ ನೀರು ಮುಟ್ಟದಿರುವುದನ್ನು ಕನ್ನಡದಲ್ಲಿ ಓದಿ ತಿಳಿಯಬಲ್ಲವರು ಅಲ್ಲಿಯೂ ಇದ್ದರೆ ಕೇಡಿಲ್ಲ. ವಿವಾದದಲ್ಲಿ ಎದುರಾಳಿಯ ಮನೆಯನ್ನು ತಿಳಿಯದೆ ವಾದಿಸುವ ವಕೀಲನಿಗೆ ಯಾರೂ ಫೀಜು ಕೊಡುವುದಿಲ್ಲ.

ಇಷ್ಟಾದ ಮೇಲೆ ನಮ್ಮ ಸರ್ಕಾರಗಳು ಮಾಡಿರುವುದನ್ನು ನೋಡೋಣ. ಪರಿಶಿಷ್ಟ ಜಾತಿಯ ಮಕ್ಕಳು ವಿದೇಶಗಳಲ್ಲಿ ಉಚ್ಚ ವ್ಯಾಸಂಗ ಮಾಡುವುದಕ್ಕಾಗಿ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನವೊಂದಿದೆ. 2022ರಲ್ಲಿ ಅದರ ಸಂಖ್ಯೆ ಇಡೀ ದೇಶಕ್ಕೆ 125. ಆ ವರ್ಷದ ಫೆಬ್ರವರಿಯ ನಿಯಮಾವಳಿಯಲ್ಲಿ, ಭಾರತದ ಸಂಸ್ಕೃತಿ, ಪರಂಪರೆ, ಚರಿತ್ರೆ, ಭಾರತದ ಸಮಾಜವನ್ನು ಕುರಿತ ವ್ಯಾಸಂಗ, ಇವುಗಳಿಗೆ ಈ ವೇತನವು ಸಲ್ಲದೆಂಬ ವಾಕ್ಯವನ್ನು ಸೇರಿಸಿದರು. ಭಾರತವನ್ನು ಕುರಿತು ಓದಲು ಬೇಕಾದ ಗ್ರಂಥಗಳೂ ಗುರುಗಳೂ ಭಾರತದಲ್ಲಿಯೇ ಇರುವಾಗ ಹೊರಗೆ ಹೋಗುವುದೇಕೆ ಎಂಬುದು ಸರ್ಕಾರದ ಕಡೆಯ ಸಮಾಧಾನ.

ಈ ವಾಕ್ಯವು ನೂರು ವರ್ಷ ಮುಂಚೆ ಬರೋಡೆಯ ಮಹಾರಾಜರಿಗೆ ಹೊಳೆಯದೆ ಹೋದುದು ದೇಶದ ಭಾಗ್ಯ. ಸಯಾಜಿರಾವ್ ಗಾಯಕವಾಡರ ವೇತನವನ್ನು ಪಡೆದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋದ ಡಾ. ಅಂಬೇಡ್ಕರರು 1915ರಲ್ಲಿ ಎಂ.ಎ. ಪದವಿಗೆ ಬರೆದದ್ದು ಪ್ರಾಚೀನ ಭಾರತದ ವಾಣಿಜ್ಯವನ್ನು ಕುರಿತು. ನಾವು ಮೇಲೆ ಹೇಳಿದ ಅದೇ 1916ರ ಮೇ ತಿಂಗಳಿನಲ್ಲಿ ಅವರು ಅಲ್ಲಿ ಓದಿದ ಪ್ರಬಂಧವು ಭಾರತದ ಜಾತಿಗಳನ್ನು ಕುರಿತು. ಚರಿತ್ರೆ, ಅರ್ಥಶಾಸ್ತ್ರ, ಮಾನವಶಾಸ್ತ್ರ, ಮೂರನ್ನೂ ಕೂಡಿಸಿ ತನ್ನ ನಾಡನ್ನು ನೋಡಿದ ಆ ವಿದ್ಯಾರ್ಥಿಯು 2022ರಲ್ಲಿ ಅರ್ಜಿಯನ್ನು ಹಾಕಿದ್ದರೆ ಗುಮಾಸ್ತರು ಅದನ್ನು ನಿಯಮವಿರುದ್ಧವೆಂದು ಹಿಂತಿರುಗಿಸುತ್ತಿದ್ದರು. ದೂರದಲ್ಲಿ ನಿಂತು ಮನೆಯನ್ನು ನೋಡುವುದರಿಂದಲೂ ಒಂದು ಜ್ಞಾನವಿದೆ. ಮನೆಯೊಳಗೆ ಜಗುಲಿಯನ್ನೇರಗೊಡದವರ ಮಕ್ಕಳಿಗೆ ಅದು ಇನ್ನೂ ಹೆಚ್ಚು ಬೇಕು. ಶ್ರೀಮಂತರ ಮಕ್ಕಳು ಸ್ವಂತ ಹಣದಿಂದ ಹೋಗಿ ಓದಲು ಯಾವ ನಿಯಮವೂ ಅಡ್ಡಬರುವುದಿಲ್ಲ. ಮಳವಳ್ಳಿಯ ಕೂಲಿಕಾರನ ಮಗಳಿಗೆ ಮಾತ್ರ ಅಡ್ಡಬರುತ್ತದೆ.

ಆದರೂ ವಾದಕ್ಕಾಗಿ ಒಪ್ಪೋಣ. ಭಾರತವನ್ನು ಭಾರತದಲ್ಲಿಯೇ ಓದತಕ್ಕದ್ದು, ಸರಿ. ಎಲ್ಲಿ? ದೆಹಲಿಯಲ್ಲಿ 1955ರಲ್ಲಿ ತೆರೆದು 1970ರಲ್ಲಿ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದೊಡನೆ ಕೂಡಿಸಿದ ಅಂತರರಾಷ್ಟ್ರೀಯ ವಿದ್ಯೆಗಳ ಶಾಲೆಯಲ್ಲಿ ಅಮೆರಿಕ, ಯೂರೋಪು, ಆಫ್ರಿಕಗಳ ಪ್ರದೇಶಾಧ್ಯಯನ ನಡೆಯುತ್ತದೆ, ಮಂಡ್ಯದ್ದಲ್ಲ. ಧಾರವಾಡದಲ್ಲಿ 1939ರಿಂದ ಕನ್ನಡ ಸಂಶೋಧನ ಸಂಸ್ಥೆ, ಮೈಸೂರಿನಲ್ಲಿ 1966ರಿಂದ ಕನ್ನಡ ಅಧ್ಯಯನ ಸಂಸ್ಥೆ, ಆಮೇಲೆ ಹಂಪೆಯಲ್ಲಿ ಕನ್ನಡ ವಿಶ್ವವಿದ್ಯಾನಿಲಯ, ಇವುಗಳ ಸೇವೆ ದೊಡ್ಡದು. ಆದರೆ ಅವುಗಳ ಜೀವಾಳ ಸಾಹಿತ್ಯ, ಶಾಸನ, ಜಾನಪದ. ನೀರು, ಮಣ್ಣು, ಆರೋಗ್ಯ, ಶಾಸನಸಭೆಯ ಕಾಯಿದೆಗಳು ಆ ಪಂಕ್ತಿಗೆ ಬಂದಿಲ್ಲ. ಬೆಂಗಳೂರಿನಲ್ಲಿ 1972ರಲ್ಲಿ ವಿ.ಕೆ.ಆರ್.ವಿ. ರಾಯರು ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಪರಿವರ್ತನೆಯ ಸಂಸ್ಥೆ ಎಲ್ಲಕ್ಕಿಂತ ಹತ್ತಿರದ್ದು. ಅಲ್ಲಿನ ಮುಖ್ಯ ಕೆಲಸ ಸಂಶೋಧನೆ, ನಮ್ಮ ಬಿ.ಎ. ವಿದ್ಯಾರ್ಥಿಗೆ ಅದು ಎರಡನೆಯ ಮೆಟ್ಟಿಲು.

ಇನ್ನುಳಿದದ್ದು ಮಂಡ್ಯದಲ್ಲಿಯೇ ಹುಟ್ಟಿದ ವಿಶ್ವವಿದ್ಯಾನಿಲಯ. 2025ರ ಫೆಬ್ರವರಿಯಲ್ಲಿ ರಾಜ್ಯ ಸಚಿವ ಸಂಪುಟದ ಉಪಸಮಿತಿಯು ಹಣವಿಲ್ಲವೆಂಬ ಕಾರಣದಿಂದ ಹೊಸ ವಿಶ್ವವಿದ್ಯಾನಿಲಯಗಳಲ್ಲಿ ಒಂಬತ್ತನ್ನು ಮುಚ್ಚುವ ಆಲೋಚನೆ ಮಾಡಿದಾಗ ಆ ಪಟ್ಟಿಯಲ್ಲಿ ಮಂಡ್ಯದ ಹೆಸರೂ ಇತ್ತು. ಬೋರ್ಡು ತಗಲಿಸಿ ಅಧ್ಯಾಪಕರನ್ನು ಕೊಡದೆ ನಡೆಸುವ ವಿಶ್ವವಿದ್ಯಾನಿಲಯಗಳ ಪರವಾಗಿ ವಕಾಲತ್ತು ವಹಿಸುವುದಕ್ಕೆ ನಾವು ಸಿದ್ಧರಿಲ್ಲ. ಬೋರ್ಡಿನ ಮೇಲೆ ಮಂಡ್ಯವೆಂದಿರಲಿ ಮೈಸೂರೆಂದಿರಲಿ, ನಮಗೆ ಹಟವಿಲ್ಲ. ಆದರೆ ಒಂದು ಸರ್ಕಾರವು ಹೊರಗೆ ಹೋಗಬೇಡ, ಇಲ್ಲಿಯೇ ಓದು ಎನ್ನುವುದು. ಇನ್ನೊಂದು ಸರ್ಕಾರವು ಇಲ್ಲಿನ ಬಾಗಿಲನ್ನು ಎಳೆದುಕೊಳ್ಳುವುದು. ಎರಡರ ನಡುವೆ ಸಿಕ್ಕಿದ ವಿದ್ಯಾರ್ಥಿಯು ಬೀದಿಯಲ್ಲಿ ನಿಲ್ಲುವುದು. ಇದನ್ನು ಯಾವ ವಿದ್ಯಾನೀತಿಯೆಂದು ಕರೆಯುವುದೋ ತಿಳಿಯದು.

ನಮ್ಮ ಸೂಚನೆ ದೊಡ್ಡದಲ್ಲ. ಕಾವೇರಿಯ ಕಣಿವೆಯನ್ನು, ತಲಕಾವೇರಿಯಿಂದ ಸಮುದ್ರದ ವರೆಗೆ, ವಿಷಯವಾಗಿ ಇಟ್ಟುಕೊಂಡು ಎರಡು ವರ್ಷಗಳ ಎಂ.ಎ. ತರಗತಿಯೊಂದನ್ನು ಮಂಡ್ಯದಲ್ಲಿ ತೆರೆಯಬೇಕು. ಇಪ್ಪತ್ತು ಮಂದಿ ವಿದ್ಯಾರ್ಥಿಗಳು ಸಾಕು; ಹೆಚ್ಚು ಬೇಡವೇ ಬೇಡ. ಹೊಸ ಸೌಧ ಬೇಕಾಗಿಲ್ಲ. ಮಣ್ಣಿನ ಪಾಠಕ್ಕೆ ವಿ.ಸಿ. ಫಾರಂ ಇದೆ, ನಾಲೆಯ ಪಾಠಕ್ಕೆ ಕೆ.ವಿ. ಶಂಕರಗೌಡರು ಕಟ್ಟಿದ ಎಂಜಿನಿಯರಿಂಗ್ ಕಾಲೇಜಿದೆ. ಆರೋಗ್ಯದ ಪಾಠಕ್ಕೆ ವೈದ್ಯಕೀಯ ಸಂಸ್ಥೆ ಇದೆ. ಅವರವರ ಅಧ್ಯಾಪಕರು ವಾರಕ್ಕೆರಡು ಗಂಟೆ ಬಂದು ಹೋಗುವುದು ಅಸಾಧ್ಯವೇ? ಶಾನುಭೋಗರ ಕಡತಗಳ ಮೋಡಿ ಬರಹವನ್ನು ಓದಬಲ್ಲ ಹಿರಿಯರು ಬದುಕಿರುವಾಗಲೇ ಅದನ್ನು ಕಲಿಸಿಬಿಡಬೇಕು. ಈ ಕೆಲಸಕ್ಕೆ ಕಾಲ ಕಾಯುವುದಿಲ್ಲ. ಎರಡನೆಯ ವರ್ಷದಲ್ಲಿ ಆರು ತಿಂಗಳು ಹಳ್ಳಿಯ ವಾಸ ಕಡ್ಡಾಯವಾಗಿರಲಿ. ವಾಂಗಲ ದಲೇನಗಳ ಮೊದಲ ಅಧ್ಯಯನ ನಡೆದು ಎಪ್ಪತ್ತು ವರ್ಷಗಳಾದುವು. ಮೊದಲನೆಯ ತಂಡವು ಅಲ್ಲಿಗೇ ಹೋಗಲಿ. ಪ್ರಬಂಧವನ್ನು ಕನ್ನಡದಲ್ಲಿ ಬರೆಯಬೇಕು, ಹಳ್ಳಿಯವರ ಮುಂದೆ ಓದಬೇಕು. ತಮ್ಮ ವಿಷಯವಾಗಿ ಬರೆದುದನ್ನು ಕೇಳಿ ಇದು ಸುಳ್ಳೆಂದು ಹೇಳುವ ಹಕ್ಕು ಅವರಿಗೆ ಈ ವರೆಗೆ ಯಾವ ವಿಶ್ವವಿದ್ಯಾನಿಲಯವೂ ಕೊಟ್ಟಂತಿಲ್ಲ.

ಓದಿದ ಮೇಲೆ ಏನು ಗತಿ ಎಂದು ತಂದೆತಾಯಿಗಳು ಕೇಳಿಯೇ ಕೇಳುವರು. ಕಬ್ಬಿನ ಬಾಕಿಗೆ ಕಾದು ಫೀಜು ಕಟ್ಟುವವರು ಕೇಳುವುದು ನ್ಯಾಯವೇ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ನೆಟ್ ಪರೀಕ್ಷೆಯ ವಿಷಯಗಳ ಪಟ್ಟಿಯಲ್ಲಿ ಅಂತರರಾಷ್ಟ್ರೀಯ ಮತ್ತು ಪ್ರದೇಶಾಧ್ಯಯನವೆಂಬ ಹೆಸರು ಇದೆ. ಆದರೆ ಪರೀಕ್ಷೆಯಲ್ಲಿ ಗೆದ್ದು ಬಂದರೂ ಆ ಹೆಸರಿನ ವಿಭಾಗವೇ ಇಲ್ಲದ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಅವನನ್ನು ಎಲ್ಲಿ ಕೂಡಿಸುವುದು? ಚರಿತ್ರೆಯವರು ನೀನು ನಮ್ಮವನಲ್ಲವೆನ್ನುವರು, ಸಮಾಜಶಾಸ್ತ್ರದವರೂ ಹಾಗೆಯೇ. ಆದ್ದರಿಂದ ತರಗತಿಯನ್ನು ತೆರೆಯುವುದಕ್ಕೆ ಮುಂಚೆಯೇ, ಈ ಪದವಿಯನ್ನು ಯಾವ ಯಾವ ವಿಷಯಗಳಿಗೆ ಸಮಾನವೆಂದು ಎಣಿಸುವುದೆಂಬ ಆಜ್ಞೆಯನ್ನು ಸರ್ಕಾರವು ಹೊರಡಿಸಬೇಕು. ಆಜ್ಞೆಯಿಲ್ಲದೆ ತೆರೆದರೆ ಇಪ್ಪತ್ತು ಮಕ್ಕಳಿಗೆ ಮೋಸಮಾಡಿದಂತಾಗುತ್ತದೆ. ಅಂಥ ತರಗತಿಯನ್ನು ನಾವೇ ಮೊದಲು ವಿರೋಧಿಸುತ್ತೇವೆ. ಜಿಲ್ಲಾ ಪಂಚಾಯತಿ, ಕಾವೇರಿ ನೀರಾವರಿ ನಿಗಮ, ಆರೋಗ್ಯ ಇಲಾಖೆ, ಇವರು ತಮ್ಮ ಸರ್ವೆ ಮತ್ತು ವರದಿಗಳ ಕೆಲಸವನ್ನು ಬೆಂಗಳೂರಿನ ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಡುವ ಬದಲು ಇಲ್ಲಿನ ಪದವೀಧರರಿಗೆ ವಹಿಸಲಿ. ಕೊನೆಯಂಚಿನ ತೂಬಿಗೆ ನೀರು ಏಕೆ ಬರಲಿಲ್ಲವೆಂದು ನೀರುಗಂಟಿಯನ್ನು ಅವನ ಭಾಷೆಯಲ್ಲಿ ಕೇಳಬಲ್ಲವನ ವರದಿಗೆ ಬೆಲೆ ಹೆಚ್ಚು.

ಕಾವೇರಿಯ ಕಣಿವೆಯನ್ನು ಓದುವ ತರಗತಿಗೆ ಮೊದಲು ಬೇಕಾದವರು ತಮಿಳನ್ನು ಕಲಿಸುವ ಅಧ್ಯಾಪಕರೊಬ್ಬರು. ಮಂಡ್ಯದಲ್ಲಿ ತಮಿಳೇ ಎಂದು ಹುಬ್ಬೇರಿಸುವವರು ಮೇಲಿನ 10 ಟಿ.ಎಂ.ಸಿ.ಯ ಲೆಕ್ಕವನ್ನು ಇನ್ನೊಮ್ಮೆ ಓದಿಕೊಳ್ಳಲಿ. ಆ ಒಂದು ನೇಮಕವನ್ನು ಬರುವ ವಿದ್ಯಾವರ್ಷದೊಳಗೆ ಮಾಡಲಿ. ಮಿಕ್ಕವರ ಪಟ್ಟಿಯನ್ನು ಕುಲಪತಿಗಳ ಸಂಗಡ ಕುಳಿತು ಆಮೇಲೆ ತಯಾರಿಸಬಹುದು.